ಎರವಿನ ಥಾರ್, ಮನೆಯ ಸ್ಟಾರ್ಮ್

  ಅಡಿಕೆ ಕೊಯ್ಲು ಮುಗಿಯುತ್ತಾ ಬಂದು ತೋಟದ ಓಡಾಟ ಕಡಿಮೆಯಾಯಿತೆಂದು ತರೀಕೆರೆಯ ಗೆಳೆಯರೊಬ್ಬರು ತಮ್ಮ ಡೀಸೆಲ್ ಥಾರನ್ನು ನನ್ನ ಕೈಗೆ ಕೊಟ್ಟಿದ್ದಾರೆ. ಬಟ್ಟೆಯ ಟಾಪಿನದು, ಹಿಂದಕ್ಕೆ ಮಡಚುವಂಥದು. 'ಎಲ್ಲಿಗಾದ್ರೂ ತಗೊಂಡ್ ಹೋಗಿ ಮಾರಾಯ್ರೆ, ತೊಳೆದು ಮಾತ್ರ ತರಬೇಡಿ, ಬಣ್ಣ ಹೋಗ್ತದೆ' ಎಂದರು. ಕಡೂರಿನ ನಮ್ಮ ಮನೆಯಂಗಳದಲ್ಲಿ ಈಗ ಅದರ ಪಕ್ಕಕ್ಕೆ ನನ್ನ ಸ್ಯಾನ್ ಸ್ಟಾರ್ಮ್ ನಿಂತಿದೆ. ಟಾಪು ತೆಗೆಯಬಹುದಾದ ಎರಡು ಗಾಡಿಗಳು ಒಂದೇ ಅಂಗಳದಲ್ಲಿ ಸಿಕ್ಕಾಗ ಬೇರೆ ವಿಷಯ ಬರೆಯಲು ಮನಸ್ಸು ಬರುವುದಿಲ್ಲ.

ಸ್ಟಾರ್ಮ್ ಬಗ್ಗೆ ಈ ಅಂಕಣ ಓದುವವರಿಗೆ ಹೊಸದಾಗಿ ಹೇಳಬೇಕಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಗೋವಾದಲ್ಲಿ ತಯಾರಾದ ಎರಡೇ ಸೀಟಿನ ಕಾರು, ಫೈಬರ್ ಮೈ, 1149 ಸಿಸಿಯ ರೆನೋ ಪೆಟ್ರೋಲ್ ಎಂಜಿನ್. ಶಕ್ತಿ 60 ಕುದುರೆಯ ಆಸುಪಾಸು, ತೂಕ ಒಂದು ಟನ್ನಿಗೂ ಕಡಿಮೆ. ಥಾರ್ 2020ರ ಗಾಂಧಿ ಜಯಂತಿಯಂದು ಮಾರುಕಟ್ಟೆಗೆ ಬಂದ ಎರಡನೇ ತಲೆಮಾರಿನದು: 2184 ಸಿಸಿ ಡೀಸೆಲ್, 130 ಕುದುರೆಶಕ್ತಿ, 300 ನ್ಯೂಟನ್ ಮೀಟರ್ ಟಾರ್ಕ್. ಸ್ಟಾರ್ಮಿನ ಟಾರ್ಕ್ ಇದರ ಮೂರರಲ್ಲೊಂದು ಪಾಲು.

ಅಂಕಿಗಳನ್ನು ಅಕ್ಕಪಕ್ಕ ಬರೆದು ಗೆದ್ದವರನ್ನು ಘೋಷಿಸುವ ಪಂಗಡವೊಂದಿದೆ. ಅವರೊಂದಿಗೆ ನನ್ನ ಜಗಳ ಹಳೆಯದು. ಗಾಡಿಯನ್ನು ಅಳೆಯಬೇಕಾದದ್ದು ಅದು ಓಡುವ ರಸ್ತೆಯ ಮೇಲೆ. ಅದಕ್ಕೆ ನಮ್ಮ ಸೀಮೆಗಿಂತ ಒಳ್ಳೆಯ ಜಾಗ ಇಲ್ಲ. ಕಡೂರು ತೆಂಗಿನ ಒಣ ಬಯಲು. ಬೀರೂರು ದಾಟಿ ಅಜ್ಜಂಪುರದ ಕಡೆ ತಿರುಗಿದರೆ ಈರುಳ್ಳಿ ಬೆಳೆಯುವ ಕಪ್ಪು ನೆಲ. ಅಲ್ಲಿಂದ ತರೀಕೆರೆಗೆ ಇಳಿದರೆ ಅಡಿಕೆಯ ನೆರಳು, ಲಿಂಗದಹಳ್ಳಿಯ ಆಚೆಗೆ ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿಯ ಘಾಟಿ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟದೊಳಗೆ ಬಯಲು, ಎರೆ, ಮಲೆ ಮೂರನ್ನೂ ಮುಟ್ಟಬಹುದು.

ಬಯಲಿನ ಪರೀಕ್ಷೆ ಹಳ್ಳಿರಸ್ತೆಯ ಒಕ್ಕಣೆಯಲ್ಲಿ ನಡೆಯುತ್ತದೆ. ಈ ದಿನಗಳಲ್ಲಿ ಹುರುಳಿ ಸೊಪ್ಪನ್ನು ಡಾಂಬರಿನ ಮೇಲೆ ಮೊಣಕಾಲೆತ್ತರ ಹರವಿರುತ್ತಾರೆ. ಥಾರ್ ಕಂಡರೆ ಅವರಿಗೆ ಖುಷಿ. 'ಬನ್ನಿ ಅಣ್ಣ, ನಡುಮಧ್ಯಕ್ಕೇ ಹತ್ತಿಸ್ಕೊಂಡು ಹೋಗಿ' ಎಂದು ಹೆಂಗಸರು ಮೊರ ಹಿಡಿದ ಕೈಯಲ್ಲೇ ದಾರಿ ತೋರಿಸುತ್ತಾರೆ. ಅಗಲ ಚಕ್ರ, ಒಂದೂವರೆ ಟನ್ನಿಗೂ ಮೀರಿದ ಭಾರ. ಸಿಪ್ಪೆ ಒಡೆದು ಕಾಳು ಉದುರುವ ಚಟಪಟ ಸದ್ದು ಟಾಪಿಲ್ಲದ ಗಾಡಿಯಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಸ್ಟಾರ್ಮಿನಲ್ಲಿ ಹೋದಾಗ ಅದೇ ಜನ ಕೈ ಅಡ್ಡ ಹಿಡಿದು ಸೊಪ್ಪು ಸರಿಸಿ ಪಕ್ಕದಲ್ಲಿ ದಾರಿ ಬಿಡುತ್ತಾರೆ. ಅವರು ಮಾಡುವುದು ಸರಿ. ತಗ್ಗಿನ ಕಾರಿನ ಹೊಟ್ಟೆಗೆ ಒಣಸೊಪ್ಪು ಸುತ್ತಿಕೊಂಡು ಬಿಸಿ ಸೈಲೆನ್ಸರಿಗೆ ತಾಗಿದರೆ ಬೆಂಕಿಯೇ ಹತ್ತಬಹುದು. ಇಂಥ ಕಡೆ ನಿಂತರೆ ಗಾಡಿಯನ್ನು ಕೂಡಲೇ ಮುಂದೆ ತೆಗೆದು, ಬಗ್ಗಿ ಅಡಿಭಾಗ ನೋಡಿಕೊಳ್ಳಬೇಕು.

ಘಾಟಿಯಲ್ಲಿ ಲೆಕ್ಕ ಅಷ್ಟು ಸುಲಭವಿಲ್ಲ. ಥಾರ್ 1600 ಆರ್‌ಪಿಎಂನಲ್ಲೇ ತನ್ನ ಪೂರ್ತಿ ಟಾರ್ಕ್ ಕೊಡುತ್ತದೆ. ಮೂರನೇ ಗೇರಿಗೆ ಹಾಕಿ ಬಿಟ್ಟರೆ ತಿರುವಿನ ಮೇಲೆ ತಿರುವು ಗೊಣಗದೆ ಏರುತ್ತದೆ. ಆದರೆ ತಿರುವಿನೊಳಗೆ ಮೈಯೆಲ್ಲ ಹೊರಕ್ಕೆ ವಾಲುತ್ತದೆ. ಮುಂದಿನ ಚಕ್ರ ಎಲ್ಲಿ ಮಣ್ಣು ಮುಟ್ಟಿತು, ಎಲ್ಲಿ ಡಾಂಬರು ಹಿಡಿಯಿತು ಎಂಬುದನ್ನು ಸ್ಟೇರಿಂಗು ಕೈಗೆ ತಿಳಿಸುವುದಿಲ್ಲ. ಸ್ಟಾರ್ಮ್ ಅದೇ ಏರಿನಲ್ಲಿ ಎರಡು, ಮೂರು, ಮತ್ತೆ ಎರಡು ಎಂದು ಗೇರು ಬೇಡುತ್ತಲೇ ಇರುತ್ತದೆ. ಎಂಜಿನ್ ಕೂಗಿಕೊಳ್ಳುತ್ತದೆ. ಆದರೆ ಕುಳಿತ ಜಾಗ ನೆಲಕ್ಕೆ ಅಂಟಿದಂತಿದ್ದು, ಕೈ ಚೂರು ತಿರುಗಿಸಿದರೆ ಮೂತಿ ಅಷ್ಟೇ ತಿರುಗುತ್ತದೆ. ಗಂಟೆಗೆ 40 ಕಿಲೋಮೀಟರಿನಲ್ಲಿ ಅದು ಕೊಡುವ ಸುಖವನ್ನು ಥಾರ್ 80ರಲ್ಲೂ ಕೊಡಲಾರದು. ಎರಡರಲ್ಲೂ ಮರದ ನೆರಳು ತಲೆಯ ಮೇಲೆ ಹಾಯುತ್ತದೆ, ಕಾಫಿ ಹೂವಿನ ಕಾಲದಲ್ಲಿ ಅದರ ಪರಿಮಳ ನೇರ ಮೂಗಿಗೆ ಬರುತ್ತದೆ. ಸನ್‌ರೂಫ್ ಗಾಡಿ ಕೊಂಡು ಮಕ್ಕಳ ತಲೆಯನ್ನು ಅದರಿಂದ ಹೊರಗಿಡಿಸುವವರಿಗೆ ಮತ್ತೊಮ್ಮೆ ಹೇಳುತ್ತೇನೆ: ಅದು ತೆರೆದ ಗಾಡಿಯೂ ಅಲ್ಲ, ಸುರಕ್ಷಿತವೂ ಅಲ್ಲ. ಒಮ್ಮೆ ಜೋರಾಗಿ ಬ್ರೇಕ್ ಹಾಕಿದರೆ ಸಾಕು, ಆ ಕುತ್ತಿಗೆಯ ಗತಿ ಏನು?

ಹಾಗಾದರೆ ಯಾವುದು ಮೇಲು? ತೀರ್ಪು ಬರೆಯಲೆಂದೇ ಕುಳಿತಿದ್ದೆ. ಆದರೆ ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರದ ಬಳಿ ಕಂಡ ಹಿಂಡು ಪ್ರಶ್ನೆಯನ್ನೇ ಬದಲಿಸಿತು. ಬೂದು ಮೈ, ಉದ್ದನೆಯ ಇಕ್ಕಟ್ಟು ಮುಖ, ಹಣೆಯ ನಡುವೆ ಇಳಿದ ಗೀರು, ಹಿಂದಕ್ಕೆ ಬಾಗಿ ತುದಿಯಲ್ಲಿ ಸೂಜಿಯಾಗುವ ಕೊಂಬು. ಥಾರಿನ ಡೀಸೆಲ್ ಸದ್ದಿಗೆ ಒಂದು ಹೋರಿ ತಲೆ ಎತ್ತಿ ನಿಂತಿತು. ಕೊಬ್ಬೆಂಬುದೇ ಇಲ್ಲದ, ಬಿಗಿದ ಸ್ನಾಯುವಿನ ಮೈ. ಇಂಥ ಮೈಯಿಂದ ಫಿರಂಗಿ ಎಳೆಸಿದ್ದರು.

ನಾನು ಮತ್ತೆ ಮತ್ತೆ ತೆರೆಯುವ ಪುಸ್ತಕ ಲೂಯಿಸ್ ರೈಸ್ ಅವರ ಮೈಸೂರು ಗ್ಯಾಸೆಟಿಯರು, 1897ರ ಪರಿಷ್ಕೃತ ಮುದ್ರಣ. ನನ್ನ ಮಟ್ಟಿಗೆ ಅದು ನಮ್ಮ ನಾಡಿನ ಮೊದಲ ವಾಹನ ಸಾಹಿತ್ಯವೂ ಹೌದು. ಹೈದರಾಲಿ ಚಿದಂಬರಂ ರಕ್ಷಣೆಗೆ ಎರಡೂವರೆ ದಿನದಲ್ಲಿ 100 ಮೈಲಿ ಧಾವಿಸಿದ್ದು ಈ ಎತ್ತುಗಳ ಬಲದಿಂದ ಎಂದು ಅಲ್ಲಿದೆ. ಸೋತ ಮೇಲೂ ವೈರಿಯ ಕಣ್ಣೆದುರೇ ತೋಪುಗಳನ್ನು ಎಳೆದುಕೊಂಡು ಹೋಗಿದ್ದೂ ಇವುಗಳಿಂದಲೇ. ಟಿಪ್ಪು ಬಿದನೂರನ್ನು ಮರಳಿ ಪಡೆಯಲು ಒಂದು ತಿಂಗಳಲ್ಲಿ ದ್ವೀಪಕಲ್ಪವನ್ನೇ ಅಡ್ಡ ಹಾಯ್ದ. ಬ್ರಿಟಿಷ್ ಸೇನೆಯ ಜನರಲ್ ಮೆಡೋಸ್ ಎದುರು ಎರಡು ದಿನದಲ್ಲಿ 63 ಮೈಲಿ ನಡೆದ. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದ ವೆಲ್ಲೆಸ್ಲಿ ಇಲ್ಲಿ ಈ ಎತ್ತುಗಳನ್ನು ಬಳಸಿ ನೋಡಿದವನು. ಸ್ಪೇನಿನ ಯುದ್ಧದಲ್ಲಿ ಇವು ತನ್ನ ಬಳಿ ಇಲ್ಲವಲ್ಲ ಎಂದು ಹಲುಬಿದನಂತೆ.

ಭಾರ ಎಳೆಯುವ ತಾಕತ್ತು, ಹಗುರ ಮೈ, ಚುರುಕು ಕಾಲು. ನನ್ನ ಅಂಗಳದ ಎರಡೂ ಗಾಡಿಗಳು ಹಂಚಿಕೊಂಡಿರುವ ಗುಣಗಳು ಇಲ್ಲಿ ಒಂದೇ ಪ್ರಾಣಿಯಲ್ಲಿವೆ. ಡೀಸೆಲ್ ಎಂಜಿನ್ನಿಗೆ ಒಳಗಿನ ಒತ್ತಡ ತಡೆಯಲು ದಪ್ಪ ಎರಕದ ಮೈ ಬೇಕು. ಅದನ್ನು ಸ್ಟಾರ್ಮಿನಂಥ ಕಾರಿಗೆ ಕೂರಿಸಿದರೆ ಮೂತಿ ಭಾರವಾಗಿ ತಿರುವಿನ ಸೊಗಸು ಹೋಗುತ್ತದೆ. ತೂಕ ಇಳಿಸಲೆಂದು ಥಾರಿನ ಗಟ್ಟಿತನ ಕಡಿಮೆ ಮಾಡಿದರೆ ಕೆಟ್ಟ ದಾರಿಯಲ್ಲಿ ಅದು ನಂಬಿಕೆಯ ಗಾಡಿಯಾಗಿ ಉಳಿಯುವುದಿಲ್ಲ. ಎಂಜಿನಿಯರುಗಳು ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯುತ್ತಾರೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆಯಿಂದ ಟಿಪ್ಪುವಿನ ಅಮೃತಮಹಲಿನವರೆಗೆ ಈ ತಳಿ ಕಾದವರು ಬಿಟ್ಟುಕೊಟ್ಟದ್ದು ಹಾಲನ್ನು. ಹಸು ಕರುವಿಗೆ ಸಾಲುವಷ್ಟು ಕರೆದರೆ ಸಾಕೆಂದರು, ಕಾಲು ಮತ್ತು ಗೊರಸನ್ನು ಆಯ್ದುಕೊಂಡರು.

ಅಂಥ ತಳಿಗೆ ಕೊಟ್ಟಿಗೆ ಸಾಲದು, ಕಾವಲು ಬೇಕು. ಬೇಸಿಗೆಗೊಂದು, ಮಳೆಗೊಂದು, ಚಳಿಗೊಂದು ಹುಲ್ಲುಗಾವಲು ಹಂಚಿ, ಹಿಂಡನ್ನು ಅರೆಕಾಡಾಗಿ ನಡೆಸಿಯೇ ಆ ಕಾಲನ್ನು ಗಟ್ಟಿ ಮಾಡಿದ್ದು. ಖರ್ಚು ಉಳಿಸಲೆಂದು 1860ರಲ್ಲಿ ಹಿಂಡುಗಳನ್ನು ಮಾರಿಬಿಟ್ಟ ಸರ್ಕಾರ, ನಾಡಿನ ದನಗಳ ಗುಣಮಟ್ಟ ಕುಸಿದದ್ದು ಕಂಡು 1866ರಲ್ಲಿ ಮತ್ತೆ ಕಟ್ಟತೊಡಗಿತು. ಇಂದು ಕಾವಲುಗಳು ಬೇಲಿಗೂ ಕಟ್ಟಡಕ್ಕೂ ಹೋಗಿ ಚೂರಾಗಿವೆ. ಅಜ್ಜಂಪುರದ ಹರಾಜಿನಲ್ಲಿ ಹೋರಿಗರುಗಳಿಗೆ ರೈತರು ಈಗಲೂ ಪೈಪೋಟಿಯಲ್ಲಿ ಬೆಲೆ ಕೂಗುತ್ತಾರೆ. ಕೊಳ್ಳುವವರಿದ್ದಾರೆ, ಸಾಕುವ ಹುರುಪೂ ಇದೆ. ಕಡಿಮೆ ಬಿದ್ದಿರುವುದು ಆ ಕರು ದಿನವಿಡೀ ನಡೆಯುವ ನೆಲ.