ಕುಲದ ಗುಟ್ಟು, ಗುಣದ ಬೆಲೆ

ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಸಮ್ಯಗ್ದರ್ಶನವನ್ನು ಮಲಿನಗೊಳಿಸುವ ಎಂಟು ಮದಗಳನ್ನು ಎಣಿಸಿದ್ದಾರೆ: ಜ್ಞಾನ, ಪೂಜೆ, ಕುಲ, ಜಾತಿ, ಬಲ, ಋದ್ಧಿ, ತಪಸ್ಸು ಮತ್ತು ಶರೀರ. ಇವುಗಳಲ್ಲಿ ಬಲದ ಮದವು ವಯಸ್ಸಾದಂತೆ ಇಳಿಯುತ್ತದೆ. ಋದ್ಧಿಯ ಮದವು ವ್ಯಾಪಾರದಲ್ಲಿ ಒಂದು ನಷ್ಟ ಬಂದರೆ ಕರಗುತ್ತದೆ. ಕುಲಮದವಾದರೋ ಮುಪ್ಪಿನಲ್ಲಿಯೂ ಬಡತನದಲ್ಲಿಯೂ ಬೆಳೆಯಬಲ್ಲದು. ಅಷ್ಟೇ ಅಲ್ಲ, ಅದು ತನ್ನ ಕುಲಕ್ಕಷ್ಟೇ ಸೀಮಿತವಾದುದಲ್ಲ. ತಾನು ಮೆಚ್ಚಿದ ವ್ಯಕ್ತಿಗೆ ಒಂದು ದೊಡ್ಡ ಕುಲವನ್ನು ಹುಡುಕಿ ಕೊಟ್ಟು ತೃಪ್ತಿಪಡುವುದೂ ಕುಲಮದದ ಒಂದು ಸೂಕ್ಷ್ಮ ರೂಪವೇ ಆಗಿದೆ. ಈ ಸೂಕ್ಷ್ಮ ರೂಪವನ್ನು ಪರೀಕ್ಷಿಸಲು ಅಮೆರಿಕದ ಒಂದು ಪ್ರಸಿದ್ಧ ಕಲ್ಪನಾಕಥಾಮಾಲೆಯೂ ಅದರ ಓದುಗರು ಕಟ್ಟಿಕೊಂಡ ಊಹೆಗಳೂ ಒಳ್ಳೆಯ ಅವಕಾಶವನ್ನು ಒದಗಿಸುತ್ತವೆ.

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಎಂಬ ಈ ಮಾಲೆಯ ಮೊದಲ ಸಂಪುಟ 1996ರಲ್ಲಿ ಹೊರಬಂದಿತು. ಐದನೆಯ ಸಂಪುಟವಾದ ‘ಎ ಡ್ಯಾನ್ಸ್ ವಿತ್ ಡ್ರ್ಯಾಗನ್ಸ್’ ಪ್ರಕಟವಾದುದು 2011ರ ಜುಲೈನಲ್ಲಿ. ಅದೇ ವರ್ಷದ ಏಪ್ರಿಲ್‌ನಿಂದ ಈ ಕಥೆ ‘ಗೇಮ್ ಆಫ್ ಥ್ರೋನ್ಸ್’ ಎಂಬ ಹೆಸರಿನಲ್ಲಿ ದೂರದರ್ಶನ ಧಾರಾವಾಹಿಯಾಗಿ ಪ್ರಸಾರಗೊಳ್ಳತೊಡಗಿ, ಎಂಟು ಭಾಗಗಳಲ್ಲಿ 73 ಕಂತುಗಳಾಗಿ ಬೆಳೆದು 2019ರ ಮೇ ತಿಂಗಳಿನಲ್ಲಿ ಮುಗಿಯಿತು. ಒಂದು ಸಿಂಹಾಸನಕ್ಕಾಗಿ ಹಲವು ಮನೆತನಗಳು ನಡೆಸುವ ಯುದ್ಧ, ವಂಚನೆ, ಕೊಲೆಗಳು ಇದರ ವಸ್ತು. ಹಿಂಸೆಯ ವರ್ಣನೆ ಇದರಲ್ಲಿ ಹೇರಳವಾಗಿದೆ. ಎಳೆಯರ ಕೈಗೆ ಕೊಡತಕ್ಕ ಕೃತಿ ಇದಲ್ಲ. ಆದರೆ ಲೋಕದ ಕೋಟ್ಯಂತರ ಜನರ ಮನಸ್ಸನ್ನು ಸೆಳೆದ ಕಥೆಯನ್ನು ಕಣ್ಣೆತ್ತಿ ನೋಡದೆ ತಳ್ಳಿಹಾಕುವುದು ವಿವೇಕವೆನಿಸದು.

ಈ ಕಥೆಯಲ್ಲಿ ಓದುಗರು ಬಹಳವಾಗಿ ಪ್ರೀತಿಸಿದ ಪಾತ್ರಗಳಲ್ಲಿ ಜಾನ್ ಸ್ನೋ ಒಬ್ಬನು. ಉತ್ತರ ದೇಶದ ಅಧಿಪತಿಯಾದ ನೆಡ್ ಸ್ಟಾರ್ಕನ ಮನೆಯಲ್ಲಿ ಅವನ ಅನೌರಸ ಪುತ್ರನೆಂದು ಬೆಳೆದವನು. ಆ ದೇಶದ ಪದ್ಧತಿಯಂತೆ ಇಂತಹ ಮಕ್ಕಳಿಗೆ ತಂದೆಯ ಮನೆತನದ ಹೆಸರಿಲ್ಲ. ಉತ್ತರದಲ್ಲಿ ‘ಸ್ನೋ’ ಎಂದೂ ದಕ್ಷಿಣದ ಡಾರ್ನ್‌ನಲ್ಲಿ ‘ಸ್ಯಾಂಡ್’ ಎಂದೂ ಹಿಮದ, ಮರಳಿನ ಹೆಸರನ್ನೇ ಅವರಿಗೆ ಇಡುತ್ತಾರೆ. ಅವನು ಮನೆಯನ್ನು ತೊರೆದು, ನಾಡಿನ ಉತ್ತರದ ಎಲ್ಲೆಯಲ್ಲಿರುವ ಮಹಾ ಹಿಮಗೋಡೆಯನ್ನು ಕಾಯುವ ‘ನೈಟ್ಸ್ ವಾಚ್’ ಎಂಬ ಸಂಘವನ್ನು ಸೇರುತ್ತಾನೆ. ಅಲ್ಲಿ ವಿವಾಹವಿಲ್ಲ, ಸಂತಾನವಿಲ್ಲ, ಭೂಮಿಯಿಲ್ಲ, ಕಿರೀಟವಿಲ್ಲ. ಆ ವ್ರತವನ್ನು ತೊಟ್ಟ ಬಳಿಕ ರಾಜಪುತ್ರನೂ ಕಳ್ಳನೂ ಒಂದೇ ಕಪ್ಪು ಬಟ್ಟೆಯನ್ನು ಉಡುತ್ತಾರೆ. ಜಾನ್ ಅಲ್ಲಿ ಮೇಲೇರುವುದು ತನ್ನ ನಡತೆಯಿಂದಲೇ. ಅಂಜುಬುರುಕನೂ ಸ್ಥೂಲಕಾಯನೂ ಆದ ಸ್ಯಾಮ್ವೆಲ್ ಟಾರ್ಲಿಯನ್ನು ಸಂಗಡಿಗರು ಹೊಡೆದು ಹಿಂಸಿಸಿದಾಗ ಅಡ್ಡ ನಿಲ್ಲುತ್ತಾನೆ. ಸೆರೆಸಿಕ್ಕ ಶತ್ರುಪಕ್ಷದ ಹೆಣ್ಣನ್ನು ಕೊಲ್ಲಬೇಕಾದ ಸಂದರ್ಭದಲ್ಲಿ ಕೈ ತಡೆಯುತ್ತಾನೆ. ಮುಂದೆ ಸಂಘದ 998ನೆಯ ನಾಯಕನಾಗಿ ಆಯ್ಕೆಯಾಗುತ್ತಾನೆ. ಅವನು ಅಹಿಂಸಾವ್ರತಿಯಲ್ಲ, ಯುದ್ಧವನ್ನೂ ಶಿರಚ್ಛೇದವನ್ನೂ ಮಾಡಿದವನು. ಆದರೂ ಆ ಕ್ರೂರ ಲೋಕದಲ್ಲಿ ಅನುಕಂಪದ ಒಂದು ಬೀಜ ಅವನಲ್ಲಿದೆ.

ಐದನೆಯ ಸಂಪುಟದ ಕೊನೆಯಲ್ಲಿ ಅವನ ಸಂಘದವರೇ ಅವನನ್ನು ಇರಿಯುತ್ತಾರೆ. ತಲೆತಲಾಂತರದಿಂದ ಶತ್ರುಗಳೆನಿಸಿದ್ದ ಕಾಡುಜನರನ್ನು ಅವನು ಗೋಡೆಯ ಒಳಗೆ ಬಿಟ್ಟುಕೊಂಡದ್ದು ಅವರ ಅಸಮಾಧಾನಕ್ಕೆ ಮೂಲ. ವ್ರತವನ್ನು ಮೀರಿ ನಾಡಿನ ಯುದ್ಧಕ್ಕೆ ಹೊರಡುವೆನೆಂದು ಸಾರಿದ್ದು ಅದಕ್ಕೆ ಕೊನೆಯ ನೆಪ. ಇರಿಯುವವರಲ್ಲಿ ಒಬ್ಬನ ಕಣ್ಣಲ್ಲಿ ನೀರಿರುತ್ತದೆ. ಇಲ್ಲಿಗೆ ಅವನ ಕಥೆಯನ್ನು ಮಾರ್ಟಿನ್ ನಿಲ್ಲಿಸಿಬಿಟ್ಟರು. ಓದುಗರು ಮಾತ್ರ ನಿಲ್ಲಲಿಲ್ಲ. ಅವನು ಸತ್ತಿಲ್ಲವೆಂದು ಕೆಲವರು, ಅಗ್ನಿದೇವತೆಯ ಪೂಜಾರಿಣಿ ಅವನನ್ನು ಎಬ್ಬಿಸುವಳೆಂದು ಹಲವರು, ಅವನ ಜೀವವು ಅವನ ಸಾಕುತೋಳದ ದೇಹವನ್ನು ಸೇರಿ ಕಾದಿರುವುದೆಂದು ಇನ್ನು ಕೆಲವರು ವಾದಿಸಿದರು. ಕೊನೆಯ ಊಹೆಗೆ ಅದೇ ಸಂಪುಟದ ಪೀಠಿಕಾಧ್ಯಾಯದಲ್ಲಿ ಆಧಾರವೂ ಇದೆ. ತಿರ್ಯಂಚಗತಿಯನ್ನು ದುರ್ಗತಿಯೆಂದು ಅರಿತ ಜೈನ ಓದುಗನಿಗೆ ತೋಳದ ದೇಹವು ರಕ್ಷಣೆಯ ಸ್ಥಾನವಾಗಿ ಕಾಣುವುದು ವಿಚಿತ್ರವೆನಿಸೀತು. ಆದರೆ ಪ್ರಿಯವಾದುದರ ವಿಯೋಗವನ್ನು ಒಪ್ಪದ ಮನಸ್ಸು ಯಾವ ಗತಿಯನ್ನಾದರೂ ಆಶ್ರಯಿಸುತ್ತದೆ. ಇಷ್ಟವಿಯೋಗದ ಈ ಆರ್ತಧ್ಯಾನ ಮನುಷ್ಯಸಹಜವಾದುದು; ಅದರ ಬಗೆಗೆ ಹೆಚ್ಚು ಹೇಳಬೇಕಾದುದಿಲ್ಲ.

ಹೆಚ್ಚು ವಿಚಾರಾರ್ಹವಾದುದು ಮತ್ತೊಂದು ಊಹೆ. ಜಾನ್ ನೆಡ್ ಸ್ಟಾರ್ಕನ ಮಗನೇ ಅಲ್ಲ. ನೆಡ್‌ನ ತಂಗಿ ಲಿಯಾನಾಳಿಗೂ ಹಿಂದಿನ ರಾಜವಂಶದ ಯುವರಾಜ ರೇಗಾರ್ ಟಾರ್ಗೇರಿಯನ್‌ಗೂ ಹುಟ್ಟಿದವನು. ಆದುದರಿಂದ ಸಿಂಹಾಸನಕ್ಕೆ ಹಕ್ಕುದಾರನು ಎಂಬುದು ಇದರ ಸಾರ. ಮೊದಲ ಸಂಪುಟ ಬಂದ ಕೆಲವೇ ಕಾಲದಲ್ಲಿ ಹುಟ್ಟಿದ ಈ ಊಹೆ ಇಪ್ಪತ್ತು ವರ್ಷ ಬೆಳೆಯಿತು. ಇದಕ್ಕಾಗಿ ಓದುಗರು ಪಟ್ಟ ಶ್ರಮ ಸಾಮಾನ್ಯವಾದುದಲ್ಲ. ನೆಡ್‌ನ ಒಂದು ಜ್ವರದ ಕನಸಿನಲ್ಲಿ ಬರುವ ಗೋಪುರ, ಅದನ್ನು ಕಾಯುವ ಮೂವರು ರಾಜರಕ್ಷಕ ಭಟರು, ರಕ್ತದ ಹಾಸಿಗೆಯಲ್ಲಿ ಮಲಗಿ ಅಣ್ಣನಿಂದ ಮಾತು ಪಡೆಯುವ ಲಿಯಾನಾ, ಅವಳ ನೀಲಿ ಗುಲಾಬಿಗಳು: ಇವೆಲ್ಲವನ್ನೂ ಅವರು ಕೂಡಿಸಿದರು. ಯುದ್ಧ ಬೇರೆಡೆ ನಡೆಯುತ್ತಿರುವಾಗ ರಾಜರಕ್ಷಕರು ಒಂಟಿ ಗೋಪುರವನ್ನು ಕಾಯಬೇಕಾದರೆ ಅಲ್ಲಿ ರಾಜವಂಶದ ಕುಡಿ ಇದ್ದಿರಲೇಬೇಕು ಎಂದು ತರ್ಕಿಸಿದರು. ಎರಡನೆಯ ಸಂಪುಟದ ಒಂದು ದರ್ಶನದಲ್ಲಿ ಹಿಮದ ಗೋಡೆಯ ಬಿರುಕಿನಿಂದ ನೀಲಿ ಹೂವೊಂದು ಅರಳುವುದನ್ನು ಇದಕ್ಕೆ ಸೇರಿಸಿದರು. ತತ್ತ್ವಾರ್ಥಸೂತ್ರವು ಸ್ವಾಧ್ಯಾಯವನ್ನು ಐದು ಬಗೆಯಾಗಿ ವಿಂಗಡಿಸಿದೆ. ಅವುಗಳಲ್ಲಿ ಪೃಚ್ಛನಾ ಎಂದರೆ ಸಂಶಯವನ್ನು ಕೇಳುವುದು, ಅನುಪ್ರೇಕ್ಷೆ ಎಂದರೆ ಓದಿದ್ದನ್ನು ಮತ್ತೆ ಮತ್ತೆ ಮನನ ಮಾಡುವುದು. ಈ ಎರಡನ್ನೂ ಅವರು ಒಂದು ಲೌಕಿಕ ಕಥೆಯ ಮೇಲೆ ನಡೆಸಿದರು. ಶಾಸ್ತ್ರಗ್ರಂಥಗಳನ್ನು ಕಪಾಟಿನಲ್ಲಿಟ್ಟು ಪೂಜಿಸಿ ಸುಮ್ಮನಾಗುವವರು ಈ ಶ್ರದ್ಧೆಯನ್ನು ಕಂಡು ತಲೆತಗ್ಗಿಸಬೇಕು.

ಆದರೆ ಊಹೆ ಸರಿಯೇ ಎಂಬುದು ಒಂದು ಪ್ರಶ್ನೆ. ಅದನ್ನು ಏಕೆ ಬಯಸಿದರು ಎಂಬುದು ಬೇರೊಂದು ಪ್ರಶ್ನೆ. ಕಾನೂನು ಆಸ್ತಿಯನ್ನು ಪಿತ್ರಾರ್ಜಿತ, ಸ್ವಯಾರ್ಜಿತ ಎಂದು ವಿಂಗಡಿಸುತ್ತದೆ. ಜಾನ್‌ನಲ್ಲಿ ಮೆಚ್ಚತಕ್ಕದ್ದೆಲ್ಲವೂ ಸ್ವಯಾರ್ಜಿತ. ಹೆಸರಿಲ್ಲದೆ ಹುಟ್ಟಿ, ಊಟದ ಪಂಕ್ತಿಯಲ್ಲಿ ಕೆಳಗೆ ಕುಳಿತು, ನೋವನ್ನು ಇತರರ ನೋವಿನ ಅರಿವನ್ನಾಗಿ ಮಾಡಿಕೊಂಡವನು ಅವನು. ಅವನನ್ನು ರಾಜಕುಮಾರನೆಂದು ಸಾಬೀತುಪಡಿಸಿದ ಕೂಡಲೇ ಆ ಗಳಿಕೆಯೆಲ್ಲ ಪಿತ್ರಾರ್ಜಿತದ ಖಾತೆಗೆ ಜಮೆಯಾಗಿಬಿಡುತ್ತದೆ. ರಾಜರಕ್ತವಿದ್ದುದರಿಂದಲೇ ಅವನು ಹಾಗೆ ನಡೆದುಕೊಂಡನು ಎಂಬ ಮಾತು ತಾನಾಗಿ ಹುಟ್ಟಿಕೊಳ್ಳುತ್ತದೆ. ಅನೌರಸನೊಬ್ಬನನ್ನು ಮನಸಾರೆ ಮೆಚ್ಚಿದ ಓದುಗರೇ, ಆ ಮೆಚ್ಚಿಕೆ ಊರ್ಜಿತವಾಗಲು ಅವನು ಅನೌರಸನಾಗಿರಬಾರದು ಎಂದು ಬಯಸಿದರು. ಅವನು ಹೆಸರಿಲ್ಲದವನಾಗಿಯೇ ಉಳಿಯಲಿ ಎಂದ ಓದುಗರೂ ಇದ್ದರು. ಅವರ ಧ್ವನಿ ಕ್ಷೀಣವಾಗಿತ್ತು.

ಮೂಲಕೃತಿಯು ಈ ವಿಷಯದಲ್ಲಿ ಓದುಗರಿಗಿಂತ ಮುಂದಿದೆ. 2000ದಲ್ಲಿ ಬಂದ ಮೂರನೆಯ ಸಂಪುಟದಲ್ಲಿ ಸ್ಟ್ಯಾನಿಸ್ ಎಂಬ ರಾಜನು ಜಾನ್‌ಗೆ ಒಂದು ದೊಡ್ಡ ಆಮಿಷವನ್ನು ಒಡ್ಡುತ್ತಾನೆ: ವ್ರತವನ್ನು ಬಿಟ್ಟರೆ ಅವನನ್ನು ಜಾನ್ ಸ್ಟಾರ್ಕ್ ಎಂದು ಮಾನ್ಯ ಮಾಡಿ, ತಂದೆಯ ಕೋಟೆಯನ್ನೇ ಕೊಡುವೆನು. ಬಾಲ್ಯದಿಂದ ಅವನು ಹಂಬಲಿಸಿದ ಹೆಸರು ಅದು. ಅವನ ಮನಸ್ಸು ತೂಗಾಡುತ್ತದೆ, ಕೊನೆಗೆ ಬೇಡವೆನ್ನುತ್ತಾನೆ. ಕುಲವೇ ಕೈಗೆ ಬಂದಾಗ ಅದನ್ನು ಮರಳಿಸಿ ವ್ರತವನ್ನು ಉಳಿಸಿಕೊಂಡ ಈ ಪ್ರಸಂಗವೇ ಆ ಪಾತ್ರದ ಶಿಖರ. ಅವನು ಬೇಡವೆಂದ ಕಾಣಿಕೆಗಿಂತ ದೊಡ್ಡ ಕಾಣಿಕೆಯನ್ನು ಅಭಿಮಾನಿಗಳು ಇಪ್ಪತ್ತು ವರ್ಷ ಅವನಿಗಾಗಿ ಹುಡುಕಿದರು.

ಇಲ್ಲಿ ಪಂಪನ ಕರ್ಣ ನೆನಪಾಗದಿರನು. ವೈದಿಕ ಮನೆತನದಲ್ಲಿ ಹುಟ್ಟಿ ಜಿನಧರ್ಮವನ್ನು ಆರಿಸಿಕೊಂಡ ತಂದೆಯ ಮಗನಾದ ಪಂಪನಿಗೆ, ಕುಲವು ಹುಟ್ಟಿನಿಂದ ಮುಗಿಯುವ ಮಾತಲ್ಲವೆಂಬುದು ಮನೆಯಲ್ಲಿಯೇ ತಿಳಿದ ಸಂಗತಿಯಾಗಿತ್ತು. ‘ವಿಕ್ರಮಾರ್ಜುನ ವಿಜಯ’ದಲ್ಲಿ ಕರ್ಣನ ಹುಟ್ಟಿನ ಗುಟ್ಟು ಓದುಗನಿಗೆ ಮೊದಲೇ ಗೊತ್ತು. ಆದುದರಿಂದ ಅವನ ಗಮನ ಗುಟ್ಟನ್ನು ಬಿಡಿಸುವುದರಲ್ಲಿ ಕಳೆಯದೆ ಕರ್ಣನ ನಡತೆಯ ಮೇಲೆ ನೆಲೆಸುತ್ತದೆ. ಕೃಷ್ಣನು ಆ ಗುಟ್ಟನ್ನು ತಿಳಿಸಿ ಪಾಂಡವರ ಪಕ್ಷಕ್ಕೆ ಕರೆದಾಗ ಕರ್ಣನು ಒಪ್ಪುವುದಿಲ್ಲ. ಕುಲವನ್ನೆತ್ತಿ ಆಡಿದ ಹಿರಿಯರಿಗೆ, ಹುಟ್ಟನ್ನಲ್ಲ ನಡೆಯನ್ನೇ ಕುಲವೆಂದು ಎಣಿಸಬೇಕೆಂಬ ಅರ್ಥದ ಉತ್ತರವನ್ನು ಕೊಡುತ್ತಾನೆ. ಅಲ್ಲಿ ಗುಟ್ಟು ಶೋಕಕ್ಕೆ ಕಾರಣ. ಮಾರ್ಟಿನ್ ಅವರ ಕಥೆಯಲ್ಲಿ ಗುಟ್ಟು ಬಹುಮಾನ. ಮುಚ್ಚಿಟ್ಟುದಕ್ಕೆ ಬೆಲೆ ಏರುವುದು ಮಾರುಕಟ್ಟೆಯ ನಿಯಮ. ಈ ಏರಿಕೆಯ ಹೊಣೆ ಓದುಗರ ಮೇಲಷ್ಟೇ ಇಲ್ಲ. ಧಾರಾವಾಹಿಯನ್ನು ಮಾಡಲು ಬಂದ ಡೇವಿಡ್ ಬೆನಿಯಾಫ್ ಮತ್ತು ಡಿ. ಬಿ. ವೈಸ್ ಅವರನ್ನು ಮಾರ್ಟಿನ್ ಕೇಳಿದ ಪ್ರಶ್ನೆಯೇ ಜಾನ್‌ನ ತಾಯಿ ಯಾರು ಎಂಬುದಾಗಿತ್ತು.

ಜೈನದರ್ಶನದಲ್ಲಿಯೇ ಗೋತ್ರಕರ್ಮವಿಲ್ಲವೇ, ಉಚ್ಚಗೋತ್ರವು ಪುಣ್ಯದ ಫಲವಲ್ಲವೇ ಎಂದು ಯಾರಾದರೂ ಕೇಳಬಹುದು. ಇದೆ. ಆದರೆ ಅದು ಅಘಾತಿಕರ್ಮ. ಆತ್ಮದ ಸಹಜಗುಣವನ್ನು ಅದು ಘಾತಿಸದು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದ ಪ್ರಕಾರ ಆತ್ಮಪ್ರಶಂಸೆ, ಪರನಿಂದೆಗಳಿಂದ ನೀಚಗೋತ್ರವೂ, ಪರಪ್ರಶಂಸೆ, ಆತ್ಮನಿಂದೆ, ವಿನಯಗಳಿಂದ ಉಚ್ಚಗೋತ್ರವೂ ಬಂಧವಾಗುತ್ತವೆ. ಎಂದರೆ ಉಚ್ಚಗೋತ್ರವೂ ಹಿಂದೆಂದೋ ಗಳಿಸಿದ ವಿನಯದ ಫಲ. ಅದರ ಬಗೆಗೆ ಮದಪಡುವವನು ಮೂಲಧನವನ್ನೇ ಖರ್ಚುಮಾಡುತ್ತ ತಾನು ಶ್ರೀಮಂತನೆಂದು ಬೀಗುವವನಂತೆ. ಸಮ್ಯಗ್ದರ್ಶನವುಳ್ಳವನು ಮಾತಂಗನ ದೇಹದಲ್ಲಿ ಹುಟ್ಟಿದ್ದರೂ ದೇವಸಮಾನನೆಂದು ಸಮಂತಭದ್ರರು ಅದೇ ‘ಶ್ರಾವಕಾಚಾರ’ದಲ್ಲಿ ಸಾರಿದ್ದಾರೆ.

ಪ್ರಕಟವಾದ ಐದು ಸಂಪುಟಗಳಲ್ಲಿ ಈ ಗುಟ್ಟು ಬಯಲಾಗುವುದಿಲ್ಲ. ಧಾರಾವಾಹಿಯಲ್ಲಿ ಮಾತ್ರ ಬಯಲಾಯಿತು. 2015ರ ಜೂನ್‌ನಲ್ಲಿ ಅಲ್ಲಿ ಇರಿತಕ್ಕೆ ಗುರಿಯಾದ ಜಾನ್ 2016ರ ಮೇ ತಿಂಗಳಿನಲ್ಲಿ ಮರಳಿ ಜೀವ ತಳೆದನು. ಮುಂದಿನ ಜೂನ್‌ನಲ್ಲಿ ಗೋಪುರದ ರಹಸ್ಯವೂ, 2017ರ ಆಗಸ್ಟ್‌ನಲ್ಲಿ ಅವನ ತಂದೆತಾಯಿಗಳ ವಿವಾಹವೂ ಅವನ ರಾಜನಾಮವೂ ತಿಳಿದುಬಂದವು. ಊಹಿಸಿದವರು ಗೆದ್ದೆವೆಂದು ಸಂಭ್ರಮಿಸಿದರು. ಆದರೆ 2019ರ ಕೊನೆಯ ಭಾಗದಲ್ಲಿ ಆ ಗುಟ್ಟು ಮಾಡಿದ್ದೇನು? ಜಾನ್ ಅದನ್ನು ತಾನು ಪ್ರೀತಿಸಿದ ರಾಣಿ ಡೆನೇರಿಸ್‌ಗೆ ಹೇಳಿದನು. ಹುಟ್ಟಿನ ಹಕ್ಕನ್ನೇ ನೆಚ್ಚಿದ್ದ ಅವಳ ಮನಸ್ಸು ಕಲಕಿತು. ತಂಗಿಯೆಂದು ಬೆಳೆದ ಸಾನ್ಸಾಳಿಂದ ಅದು ಮಂತ್ರಿ ಟಿರಿಯನ್‌ಗೆ, ಅವನಿಂದ ವೇರಿಸ್‌ಗೆ ಮುಟ್ಟಿತು. ವೇರಿಸ್ ಒಳಸಂಚು ನಡೆಸಿ ಡ್ರ್ಯಾಗನ್ನಿನ ಬೆಂಕಿಗೆ ಆಹುತಿಯಾದನು. ಶರಣಾಗತಿಯ ಗಂಟೆ ಬಾರಿಸಿದ ಮೇಲೂ ರಾಣಿ ನಗರವನ್ನು ಸುಟ್ಟಳು. ಜಾನ್ ಅವಳನ್ನು ಕೊಂದನು. ಸಿಂಹಾಸನ ಅವನಿಗೆ ಬರಲಿಲ್ಲ; ಅವನು ಮರಳಿ ಗೋಡೆಗೇ ಕಳುಹಿಸಲ್ಪಟ್ಟನು.

ಕೊನೆಯ ಭಾಗವನ್ನು ಹೊಸದಾಗಿ ಮಾಡಬೇಕೆಂಬ ಮನವಿಗೆ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಸಹಿ ಹಾಕಿದರು. ಆರೇ ಕಂತುಗಳಲ್ಲಿ ಕಥೆಯನ್ನು ಅವಸರವಾಗಿ ಮುಗಿಸಿದರು, ರಾಣಿಯ ಮನಃಪರಿವರ್ತನೆಗೆ ಸಾಕಷ್ಟು ಸಿದ್ಧತೆಯಿರಲಿಲ್ಲ ಎಂಬ ಆಕ್ಷೇಪಗಳು ನ್ಯಾಯವಾದವು. ಆದರೆ ಬಲವಾಗಿ ಕೇಳಿಬಂದ ಮತ್ತೊಂದು ದೂರೂ ಇತ್ತು: ರಾಜನಾಗದಿದ್ದ ಮೇಲೆ ರಾಜರಕ್ತವೆಂಬ ಗುಟ್ಟು ಏತಕ್ಕಾಗಿ? ಈ ದೂರು ನಿಲ್ಲುವುದಿಲ್ಲ. ಕುಲದ ಗುಟ್ಟು ಯಾರಿಗೂ ಸುಖ ಕೊಡದೆ ಹಲವರಿಗೆ ದುಃಖ ತಂದಿತು ಎಂಬುದೇ ಆ ಮುಕ್ತಾಯದ ಸತ್ಯ. ಒರಟಾಗಿ ಹೇಳಿದ ಮಾತ್ರಕ್ಕೆ ಸತ್ಯವು ಸುಳ್ಳಾಗದು.

ಆದರೂ ಜಾನ್‌ನನ್ನು ಬಾಹುಬಲಿಗೆ ಹೋಲಿಸುವ ಆತುರ ಬೇಡ. ಬಾಹುಬಲಿ ಗೆದ್ದ ರಾಜ್ಯವನ್ನು ವೈರಾಗ್ಯದಿಂದ ಬಿಟ್ಟವನು. ಜಾನ್ ಕೊಲೆಯ ಶಿಕ್ಷೆಯಾಗಿ ಗೋಡೆಗೆ ಹೋದವನು. ತ್ಯಾಗದ ನಿಜವಾದ ನಿದರ್ಶನ ಅದೇ ಕಥೆಯಲ್ಲಿ ಬೇರೆಡೆ ಇದೆ. ಗೋಡೆಯ ಬಳಿ ಸಂಘದ ವೈದ್ಯನೂ ವಿದ್ವಾಂಸನೂ ಆಗಿ ನೂರು ವರ್ಷ ದಾಟಿ ಬದುಕಿದ ಕುರುಡ ವೃದ್ಧ ಏಮನ್ ಅದೇ ರಾಜವಂಶದವನು. ಕಿರೀಟವನ್ನು ನೀಡಬಂದಾಗ ಬೇಡವೆಂದು, ಅದು ತಮ್ಮನಿಗೆ ಸಲ್ಲುವಂತೆ ಮಾಡಿ ಅಲ್ಲಿಗೆ ಬಂದವನು. ಜಾನ್ ಅವನನ್ನು ಗೌರವಿಸಿದುದು ಅವನ ವಂಶವನ್ನು ತಿಳಿಯುವುದಕ್ಕೆ ಮೊದಲೇ. ಅಭಿಮಾನಿಗಳ ಚರ್ಚೆಯಲ್ಲಿ ಜಾನ್‌ನ ರಕ್ತಕ್ಕೆ ಸಿಕ್ಕ ಸ್ಥಳದ ಒಂದು ಪಾಲೂ ಏಮನ್‌ನ ತ್ಯಾಗಕ್ಕೆ ಸಿಗಲಿಲ್ಲ.

ಇಂತಹ ಕಥೆಗಳನ್ನು ಓದುವ, ನೋಡುವ ತರುಣರು ಶ್ರಾವಕರ ಮನೆಗಳಲ್ಲಿಯೂ ಇದ್ದಾರೆ. ಅವರನ್ನು ಗದರಿಸುವುದರಿಂದ ಪ್ರಯೋಜನವಿಲ್ಲ. ಜಾನ್ ಯಾರ ಮಗನೆಂಬುದನ್ನು ಬಿಟ್ಟು ಅವನು ಏನು ಮಾಡಿದನೆಂದು ಕೇಳಿದರೆ ಮನೆಯೊಳಗೇ ಒಂದು ಧರ್ಮಚರ್ಚೆ ಆರಂಭವಾದೀತು. ಆದರೆ ಹಾಗೆ ಕೇಳುವ ಹಿರಿಯರು ಮೊದಲು ತಮ್ಮನ್ನು ಕೇಳಿಕೊಳ್ಳಬೇಕು. ಬಸದಿಯ ಆಡಳಿತ ಮಂಡಳಿಗೆ ಹೆಸರು ಸೂಚಿಸುವಾಗ, ಅಭಿಷೇಕದ ಮೊದಲ ಕಲಶವನ್ನು ಯಾರಿಗೆ ಕೊಡಬೇಕೆಂದು ನಿರ್ಧರಿಸುವಾಗ, ಮಗಳಿಗೆ ವರನನ್ನು ನೋಡುವಾಗ ಮೊದಲು ಬಾಯಿಗೆ ಬರುವ ಪ್ರಶ್ನೆ ಯಾವುದು? ಯಾರ ಮಗನೆಂಬುದೇ ಆದರೆ, ದೂರದೇಶದ ಆ ಅಭಿಮಾನಿಗಳನ್ನು ಟೀಕಿಸುವ ಅಧಿಕಾರ ಶ್ರಾವಕರಿಗೂ ಇಲ್ಲ. ಅವರು ಕಥೆಯ ಒಬ್ಬ ಹುಡುಗನಿಗೆ ಕುಲವನ್ನು ಹುಡುಕಿದರು. ನಿತ್ಯಜೀವನದಲ್ಲಿ ಕುಲವನ್ನು ಹುಡುಕುವವರು, ಕುಲವಿಲ್ಲದೆಯೂ ಗುಣವುಳ್ಳ ಎಷ್ಟೋ ಜನರನ್ನು ಬಾಗಿಲ ಹೊರಗೇ ನಿಲ್ಲಿಸುತ್ತಾರೆ. ಕಥೆಯಲ್ಲಿ ಮಾಡಿದ ತಪ್ಪಿನಿಂದ ಯಾರಿಗೂ ನೋವಾಗುವುದಿಲ್ಲ. ಈ ತಪ್ಪಿನಿಂದ ಆಗುತ್ತದೆ.