ಹೆಸರಿಲ್ಲದ ದುರ್ಬೀನು

ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಬಳಸಿದ 6×30 ಬೈನಾಕ್ಯುಲರ್‌ಗಳಲ್ಲಿ ಹಲವಕ್ಕೆ ತಯಾರಕರ ಹೆಸರೇ ಇಲ್ಲ. ಕಾರ್ಖಾನೆಯ ಗುಟ್ಟು ಶತ್ರುವಿಗೆ ಸಿಗಬಾರದೆಂದು ಬರೀ ಮೂರಕ್ಷರದ ಸಂಕೇತ ಕೊರೆದಿದ್ದಾರೆ. ‘ಬಿಎಲ್‌ಸಿ’ ಎಂದರೆ ಯೆನಾದ ಕಾರ್ಲ್ ಝೈಸ್; ‘ಬಿಇಎಚ್’ ಎಂದರೆ ವೆಟ್ಸ್‌ಲಾರ್‌ನ ಲೈಟ್ಸ್. ಹಳೆಯ ಸೇನಾ ದುರ್ಬೀನು ಸಂಗ್ರಹಿಸುವವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ನಿಜವಾದ ಸೊಗಸು ಒಳಗಿದೆ. ಒಂದು ಕಣ್ಣಿನ ಗಾಜಿನಲ್ಲಿ ಕೂದಲೆಳೆಯಂಥ ಅಳತೆಗೆರೆಗಳು. ಪೂರ್ಣ ವೃತ್ತವನ್ನು 6400 ಪಾಲು ಮಾಡಿದ ಲೆಕ್ಕ ಅದು; 1000 ಮೀಟರ್ ದೂರದಲ್ಲಿ ಒಂದು ಪಾಲು ಎಂದರೆ ಸುಮಾರು ಒಂದು ಮೀಟರ್. ವಸ್ತುವಿನ ಅಗಲ ಗೊತ್ತಿದ್ದರೆ ದೂರವನ್ನು ಬಾಯಿಲೆಕ್ಕದಲ್ಲೇ ಹೇಳಬಹುದು. ಬ್ಯಾಟರಿ ಬೇಡ, ಪರದೆ ಬೇಡ.

ಕೊಳ್ಳುವವರಿಗೊಂದು ಮಾತು: ಸಂಕೇತಕ್ಕೆ ಮರುಳಾಗುವ ಮೊದಲು ದೂರದ ಕಂಬವೊಂದನ್ನು ನೋಡಿ. ಎರಡಾಗಿ ಕಂಡರೆ ಪ್ರಿಸಂ ಜರುಗಿರಬಹುದು. ನೀವೇ ಬಿಚ್ಚಲು ಹೋಗಬೇಡಿ, ಬಲ್ಲವರ ಕೈಗೆ ಕೊಡಿ.