ಕಳೆದುಕೊಂಡ ಗ್ರಾಂಗಳ ಬೆಲೆ

ಚಿನ್ನದಂಗಡಿಯಲ್ಲಿ ಗ್ರಾಂ ಹೆಚ್ಚಿದಷ್ಟೂ ಹಣ ಹೆಚ್ಚು. ಕಾರ್ಬನ್ ಸೈಕಲ್ಲಿನ ಬಿಡಿಭಾಗ ಮಾರುವಲ್ಲಿ ಲೆಕ್ಕ ತಿರುಗುಮುರುಗು, ಗ್ರಾಂ ಕಡಿಮೆಯಾದಷ್ಟೂ ಬಿಲ್ಲು ಉದ್ದ. ಈ ವ್ಯಾಪಾರಕ್ಕೆ ಎರಡು ವರ್ಷ ನಾನೂ ಗಿರಾಕಿಯಾಗಿದ್ದೆ. 8.6 ಕಿಲೋ ಇದ್ದ ರೋಡ್ ಬೈಕನ್ನು 7.5ಕ್ಕೆ ಇಳಿಸಿದೆ. ಕೊಟ್ಟದ್ದು ಒಂದೂವರೆ ಲಕ್ಷಕ್ಕೆ ತುಸು ಕಡಿಮೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಆ ದಿನಗಳಲ್ಲಿ ನನ್ನ ಕೋಣೆಯಲ್ಲೇ ಇತ್ತು. ಅದರ ಮೇಲೆ ಬೋಲ್ಟು, ಬಾಟಲಿ ಕೇಜು, ಹ್ಯಾಂಡಲಿಗೆ ಸುತ್ತುವ ಟೇಪು.

ಈ ಚಟಕ್ಕೆ ಒಂದು ಆರಾಧ್ಯ ಸಂಖ್ಯೆ ಇದೆ: 6.8. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2000ರಿಂದ ಜಾರಿಗೆ ತಂದ ನಿಯಮದಂತೆ, ಇದಕ್ಕಿಂತ ಹಗುರವಾದ ಸೈಕಲ್ಲು ರೇಸಿಗಿಳಿಯುವಂತಿಲ್ಲ. ಆ ನಿಯಮ ವೃತ್ತಿಪರರಿಗೆ. ನಮಗೆ ಯಾರ ಅಡ್ಡಿಯೂ ಇಲ್ಲ. ಆದ್ದರಿಂದ ಆರೂವರೆ, ಆರು ಎಂದು ಇಳಿಯುತ್ತಾ ಹೋಗುವ ಹವ್ಯಾಸಿಗಳಿದ್ದಾರೆ. ತಮಾಷೆ ಎಂದರೆ, 6.8ಕ್ಕೆ ಇಳಿಸುವ ತಾಕತ್ತಿರುವ ವೃತ್ತಿಪರ ತಂಡಗಳೇ ಇಂದು ಎಷ್ಟೋ ಸಲ ಏಳು ಕಿಲೋ ದಾಟಿದ ಸೈಕಲ್ಲನ್ನು ಆರಿಸಿಕೊಳ್ಳುತ್ತವೆ. ಗಾಳಿ ಸೀಳುವ ಚೌಕಟ್ಟು, ಡಿಸ್ಕ್ ಬ್ರೇಕು ಇವುಗಳಿಗಾಗಿ ಒಂದಷ್ಟು ಗ್ರಾಂ ಬಿಟ್ಟುಕೊಡಲು ಅವು ಸಿದ್ಧ. ಹೊಟ್ಟೆಪಾಡಿಗೆ ತುಳಿಯುವವರು ಬಿಟ್ಟ ಗ್ರಾಂಗಳನ್ನು ನಾವು ಸಾಲ ಮಾಡಿ ಹೆಕ್ಕುತ್ತಿದ್ದೇವೆ.

ನಂದಿಬೆಟ್ಟದ ಲೆಕ್ಕ ಹಾಕೋಣ. ಬುಡದಿಂದ ತುದಿಗೆ ಹತ್ತಿರಹತ್ತಿರ 8 ಕಿ.ಮೀ., ಏರು ಸುಮಾರು 450 ಮೀಟರ್. ಒಂದು ಕಿಲೋವನ್ನು ಅಷ್ಟೆತ್ತರಕ್ಕೆ ಎತ್ತಲು 4,400 ಜೂಲ್ ಬೇಕು. ನನ್ನಂಥ ಭಾನುವಾರದ ಸವಾರನ ಕಾಲು ಹೊರಡಿಸುವುದು 200 ವ್ಯಾಟ್, ಅಂದರೆ ಸೆಕೆಂಡಿಗೆ 200 ಜೂಲ್. ಭಾಗಿಸಿದರೆ 22 ಸೆಕೆಂಡ್. ಮೂವತ್ತಾರು ನಿಮಿಷದ ಏರಿನಲ್ಲಿ ಒಂದು ಕಿಲೋ ಕೊಡುವ ಲಾಭ ಇಷ್ಟೇ. ಬೆಂಗಳೂರಿನಿಂದ ಹೋಗಿಬರುವ ಸುಮಾರು ನೂರಿಪ್ಪತ್ತು ಕಿ.ಮೀ.ನಲ್ಲಿ ಈ ಏರು ಎಂಟೇ ಎಂಟು. ಉಳಿದ ದಾರಿಯಲ್ಲಿ ಕಾಲು ಹೋರಾಡುವುದು ಬಹುಪಾಲು ಗಾಳಿಯೊಡನೆ. (ಸೈಕಲ್ಲಿನ ಬದಲು ಹೊಟ್ಟೆ ಕರಗಿಸಿ ಎಂದು ಬೋಧಿಸುವವರಿದ್ದಾರೆ. ಹೋಳಿಗೆ ಬಿಡುವ ಮಾತು ನಾನಂತೂ ಆಡಲಾರೆ.)

ಆದರೆ ಇದೇ ಲೆಕ್ಕದಲ್ಲಿ ಒಂದು ವಸ್ತು ಗೆಲ್ಲುತ್ತದೆ. ಅದು ಟೈರು. ಟೈರಿನ ರಬ್ಬರು ಪ್ರತಿ ಸುತ್ತಿನಲ್ಲೂ ನೆಲಕ್ಕೊತ್ತಿ ಮಡಚಿ ಬಿಚ್ಚಿಕೊಳ್ಳುತ್ತದೆ, ಆ ಮಡಚಾಟದಲ್ಲಿ ನಮ್ಮ ಶಕ್ತಿ ಶಾಖವಾಗಿ ಸೋರುತ್ತದೆ. ಸೈಕಲ್ಲಿನ ಜೊತೆ ಬಂದ ದಪ್ಪ ಟೈರು ತೆಗೆದು ತೆಳುಗೋಡೆಯ ಒಳ್ಳೆಯ ಟೈರು ಹಾಕಿ, ಉರುಳು ಘರ್ಷಣೆಯ ಗುಣಾಂಕ 0.006ರಿಂದ 0.004ಕ್ಕೆ ಇಳಿಯಿತೆನ್ನಿ. ಸವಾರ ಸೇರಿ 85 ಕಿಲೋ ತೂಕಕ್ಕೆ ಅದೇ 8 ಕಿ.ಮೀ.ನಲ್ಲಿ ಉಳಿಯುವುದು 13,000 ಜೂಲ್. ಒಂದು ನಿಮಿಷಕ್ಕೂ ಹೆಚ್ಚು! ಸಪಾಟು ರಸ್ತೆಯಲ್ಲೂ ಈ ಲಾಭ ತಪ್ಪದು. ಜೋಡಿಗೆ ನಾನು ಕೊಟ್ಟದ್ದು ಹನ್ನೊಂದು ಸಾವಿರ. ತೂಕ ಇನ್ನೂರು ಗ್ರಾಂ ಇಳಿದದ್ದು ಕೊಸರು ಅಷ್ಟೆ.

ಚಕ್ರದ ವಿಷಯ ಅಷ್ಟು ಸರಳವಲ್ಲ. ತಿರುಗುವ ತೂಕ ಎರಡರಷ್ಟು ಎಂಬ ಮಾತನ್ನು ಅಂಗಡಿಯವರು ಮಂತ್ರದಂತೆ ಹೇಳುತ್ತಾರೆ. ವೇಗ ಹೆಚ್ಚಿಸುವ ಕ್ಷಣದಲ್ಲಿ, ರಿಮ್ಮಿನ ಅಂಚಿನ ತೂಕಕ್ಕೆ, ಅದು ನಿಜ. ಒಂದೇ ವೇಗದಲ್ಲಿ ಏರುವಾಗ ರಿಮ್ಮಿನ ಗ್ರಾಮೂ ಜೇಬಿನ ಬಾಳೆಹಣ್ಣಿನ ಗ್ರಾಮೂ ಒಂದೇ. ಕಾರ್ಬನ್ ಚಕ್ರ ಕೊಳ್ಳುವವರು ತೂಕಕ್ಕಿಂತ ರಿಮ್ಮಿನ ಆಳ, ಅಗಲ ನೋಡಲಿ. ಗಾಳಿಯಲ್ಲಿ ಗಳಿಸುವುದು ಅದರಿಂದ. ನನ್ನಂತೆ ಹಳೆಯ ರಿಮ್ ಬ್ರೇಕಿನ ಸೈಕಲ್ಲಿಟ್ಟುಕೊಂಡವರಿಗೆ ಇನ್ನೊಂದು ಎಚ್ಚರಿಕೆ. ಅಲ್ಯೂಮಿನಿಯಂ ರಿಮ್ಮು ಬ್ರೇಕಿನ ಬಿಸಿಯನ್ನು ಬೇಗ ಬಿಟ್ಟುಕೊಡುತ್ತದೆ, ಕಾರ್ಬನ್ ಹಿಡಿದಿಟ್ಟುಕೊಳ್ಳುತ್ತದೆ. ಬೆಟ್ಟ ಇಳಿಯುವಾಗ ಬ್ರೇಕು ಒತ್ತಿಯೇ ಇದ್ದರೆ ಒಳಗಿನ ಅಂಟು ಮೆತ್ತಗಾಗಿ ರಿಮ್ಮು ಉಬ್ಬಬಹುದು. ನೂರು ಗ್ರಾಂನ ರಬ್ಬರ್ ಟ್ಯೂಬಿನ ಜಾಗಕ್ಕೆ ಮೂವತ್ತೈದು ಗ್ರಾಂನ ಪ್ಲಾಸ್ಟಿಕ್ ಟ್ಯೂಬು ತಂದಿದ್ದೆ. ಕಾರ್ಬನ್ ರಿಮ್ಮಿಗೆ ರಿಮ್ ಬ್ರೇಕು ಇದ್ದರೆ ಬಳಸಬೇಡಿ ಎಂದು ಅದರ ಡಬ್ಬಿಯ ಮೇಲೇ ಬರೆದಿತ್ತು. ಪಂಕ್ಚರ್ ಅಂಗಡಿಯ ಸಲ್ಯೂಷನ್ನೂ ಅದಕ್ಕೆ ಹಿಡಿಯುವುದಿಲ್ಲ. ರಬ್ಬರ್ ಟ್ಯೂಬನ್ನೇ ಮರಳಿ ಹಾಕಿದೆ; ಸೈಕಲ್ಲು ಈಗ 7.6.

ಸೀಟು, ಕ್ಯಾಸೆಟ್ಟು, ಬಾಟಲಿ ಕೇಜಿನ ಬಗ್ಗೆ ಹೇಳುವಂಥದ್ದೇನಿಲ್ಲ. ಸೀಟ್‌ಪೋಸ್ಟಿನ ಬಗ್ಗೆ ಇದೆ. ಕಾರ್ಬನ್ ಕೊಳವೆಗೆ ಮರಳುಮರಳಾದ ಹಿಡಿತದ ಪೇಸ್ಟು ಹಚ್ಚಬೇಕು. ನಾನು ಹೋದ ಅಂಗಡಿಯಲ್ಲಿ ಗ್ರೀಸು ಹಚ್ಚಿದರು. ಸೀಟು ಜಾರಿತು, ಇನ್ನಷ್ಟು ಬಿಗಿದರು. ಮತ್ತೆ ಜಾರಿತು, ಮತ್ತೆ ಬಿಗಿದರು. 5 ನ್ಯೂಟನ್ ಮೀಟರ್ ಎಂದು ಬೋಲ್ಟಿನ ಪಕ್ಕದಲ್ಲೇ ಅಚ್ಚಾಗಿತ್ತು, ಬಿಗಿದದ್ದು ಕೈಯಳತೆಯಲ್ಲಿ. ಹದಿನೈದು ದಿನಕ್ಕೆ ಕೂದಲೆಳೆಯ ಬಿರುಕು. ಕಬ್ಬಿಣ ಬಾಗಿ ಎಚ್ಚರಿಸುತ್ತದೆ. ಕಾರ್ಬನ್‌ಗೆ ಆ ಸೌಜನ್ಯ ಇಲ್ಲ, ಬಿರುಕು ಬಣ್ಣದ ಕೆಳಗೆ ಅಡಗಿ ಕೂತಿರುತ್ತದೆ. ಹಗುರಗೊಳಿಸುವ ಉತ್ಸಾಹದಲ್ಲಿ ನಾವು ಕೊಳ್ಳಲು ಮರೆಯುವ ಉಪಕರಣ ಟಾರ್ಕ್ ರೆಂಚು. ಬಹುಶಃ ಸೈಕಲ್ಲಿನ ತೂಕ ಇಳಿಸುವುದಿಲ್ಲವೆಂದೇ.

ಸುಳ್ಳೇಕೆ, ಹಗುರ ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ ಮೂರನೇ ಮಹಡಿಗೆ ಒಯ್ಯುವಾಗ ಸುಖವಾಗುತ್ತದೆ. ಆ ಸುಖಕ್ಕೆ ಬೆಲೆ ಕಟ್ಟಲು ನಾನು ಯಾರು? ಅದನ್ನು ವೇಗ ಎಂದು ಕರೆದು ಮಾರುವುದಕ್ಕೆ ಮಾತ್ರ ನನ್ನ ತಕರಾರು. ಟೈರು ಇವತ್ತೇ ಬದಲಿಸಿ. ಚಕ್ರಕ್ಕೆ ಆರು ತಿಂಗಳು ಯೋಚಿಸಿ. ನಾಲ್ಕು ಸಾವಿರ ಕೊಟ್ಟು ಮೂವತ್ತು ಗ್ರಾಂ ಉಳಿಸಿದ ಟೈಟಾನಿಯಂ ಬೋಲ್ಟುಗಳು ಶುದ್ಧ ದಂಡ. ಬಿಚ್ಚಿ ಡಬ್ಬಿಯಲ್ಲಿಟ್ಟಿದ್ದೇನೆ, ಬೇಕಾದವರು ಅರ್ಧ ಬೆಲೆಗೆ ಒಯ್ಯಬಹುದು.